ಸ್ವರದೊಳಗಿನ ಮರಳು

ಜೂನ್ 9, ಭಾನುವಾರ

ಇವತ್ತು ಪೂಜೆ ಮುಗಿದ ಮೇಲೆ ಬಾಸಿಲ್ ಅಂಕಲ್ ನನ್ನನ್ನು ತಮ್ಮ ಕಾರಿನಲ್ಲಿ ಕೂರಿಸಿ, ನಾನೇ ಮಿಕ್ಸ್ ಮಾಡಿದ ಹಾಡನ್ನು ನನಗೇ ಕೇಳಿಸಿದರು. ಮನೆಯಲ್ಲಿ ಅಷ್ಟು ಚೆನ್ನಾಗಿದ್ದ ಹಾಡು ಅಲ್ಲಿ ಹಂಡೆಯೊಳಗೆ ಕೂತು ಹಾಡಿದಂತಿತ್ತು. ಡ್ರಮ್ ಹೊಟ್ಟೆಗೆ ಗುದ್ದುತ್ತದೆ, ಗಿಟಾರ್ ಎಲ್ಲಿದೆಯೋ ದೇವರಿಗೇ ಗೊತ್ತು. "ಎಸ್ತೆರಳ ಸ್ವರವನ್ನು ಎಲ್ಲಿ ಅಡಗಿಸಿಟ್ಟಿದ್ದೀ ಮಾರಾಯ?" ಎಂದು ಕೇಳಿದರು. ಅಂಕಲ್ ಚರ್ಚಿನಲ್ಲಿ ಹಾಡುವ ನಮ್ಮ ಕುಲಶೇಖರ ಕೊಯರ್‌ನ ಲೀಡರ್, ಕುವೈತಿನಲ್ಲಿ ದುಡಿದು ಬಂದವರು, ತಮಾಷೆ ಮಾಡುವಾಗಲೂ ಚುಚ್ಚುತ್ತಾರೆ. ಹಿಂದಿನ ಸೀಟಿನಲ್ಲಿ ಎಸ್ತೆರ್ ಬಾಯಿಗೆ ಕರ್ಚೀಫು ಹಿಡಿದು ನಗುತ್ತಿದ್ದಳು. ನನ್ನ ಹೆಂಡತಿಗೆ ನನ್ನ ಮಾನ ಹೋಗುವುದೆಂದರೆ ಬಹಳ ಇಷ್ಟ.

ತಪ್ಪು ನನ್ನದಲ್ಲ, ಆ ಕಂಪ್ಯೂಟರ್ ಸ್ಪೀಕರಿನದ್ದು. ಅದು ಎಲ್ಲದಕ್ಕೂ ಪೌಡರ್ ಹಚ್ಚಿ ಕೇಳಿಸುತ್ತದೆ. ಸೆಪ್ಟೆಂಬರಿನಲ್ಲಿ ಬರುವ ಮೋಂತಿ ಫೆಸ್ತಿಗೆ, ನಮ್ಮ ಹೊಸ ತೆನೆಯ ಹಬ್ಬಕ್ಕೆ, ಎಂಟು ಹಾಡುಗಳ ಆಲ್ಬಮ್ ಮಾಡಿಕೊಡುತ್ತೇನೆಂದು ಒಪ್ಪಿಕೊಂಡಾಗಿದೆ. ಎಲ್ಲವನ್ನೂ ಎಸ್ತೆರಳೇ ಹಾಡುವುದು. ಹಬ್ಬದ ದಿನ ಇಡೀ ಊರಿನ ಎದುರು ಅದು ಹಂಡೆಯೊಳಗಿನಿಂದ ಕೇಳಿದರೆ ನಾನು ಟ್ರಾವೆಲ್ ಆಫೀಸಿನ ಕೆಲಸವನ್ನಷ್ಟೇ ಮಾಡಿಕೊಂಡಿರಬೇಕಾದೀತು. ಸ್ಟುಡಿಯೋ ಮಾನಿಟರ್, ರೆಕಾರ್ಡಿಂಗ್ ಮಾಡುವವರು ಇಟ್ಟುಕೊಳ್ಳುವ ಸ್ಪೀಕರ್, ಬೇಕೇ ಬೇಕು, ಅದೂ ನಮ್ಮ ಕೈಗೆಟಕುವಂಥದ್ದು.

ಜೂನ್ 13, ಗುರುವಾರ

ಆಫೀಸಿನಿಂದ ನೇರ ತೊಕ್ಕೊಟ್ಟಿನಲ್ಲಿರುವ ನೂರ್ ಮುಹಮ್ಮದನ ಅಂಗಡಿಗೆ ಹೋದೆ. ಅವನು ಮದುವೆ, ಸಭೆಗಳಿಗೆ ಸೌಂಡ್ ಬಾಡಿಗೆಗೆ ಕೊಡುತ್ತಾನೆ, ಹೊಸತು ಹಳತು ಎಲ್ಲ ಮಾರುತ್ತಾನೆ. ಇಂಟರ್ನೆಟ್ಟಿನಲ್ಲಿ ವಾರವಿಡೀ ಓದಿ ಪಂಡಿತನಾಗಿದ್ದ ನಾನು ಗತ್ತಿನಿಂದ ಎಂಟು ಇಂಚಿನದ್ದು ಬೇಕೆಂದೆ.

"ನಿಮ್ಮ ರೂಮು ಎಷ್ಟು ದೊಡ್ಡ ಉಂಟು ಸೆಡ್ರಿಕಣ್ಣ?"

"ಒಂದು ಮಂಚ, ಒಂದು ಮೇಜು ಹಿಡಿಯುವಷ್ಟು."

"ಅದರಲ್ಲಿ ಎಂಟು ಇಂಚು ಇಟ್ಟರೆ ಬೇಸ್ ಎಲ್ಲ ಮೂಲೆಯಲ್ಲಿ ಕೂತು ಗುಂಯ್ ಅಂತದೆ. ಮತ್ತೆ ನೀವು ನನಗೆ ಬೈತೀರಿ. ಐದು ಇಂಚು ಸಾಕು, ಕಮ್ಮಿಗೂ ಆಗ್ತದೆ."

"ಹಾಡು ಚಂದ ಕೇಳ್ತದಾ?"

"ಚಂದ ಕೇಳುವುದು ಬೇಕಾದರೆ ಮನೆ ಸ್ಪೀಕರ್ ತಗೊಳ್ಳಿ. ಇದು ಮಾನಿಟರ್. ಇದ್ದದ್ದು ಇದ್ದ ಹಾಗೆ ಕೇಳ್ತದೆ."

ನನಗೆ ಬೇಕಾದದ್ದು ಅದೇ. ಡೆಮೋಗೆ ಇಟ್ಟಿದ್ದ ಒಂದು ಜೋಡಿ ಕೊಟ್ಟ. ಸರಿಬರದಿದ್ದರೆ ಬದಲಿಸಿಕೊಡುತ್ತಾನಂತೆ.

ಜೂನ್ 16, ಭಾನುವಾರ

ಸ್ವರ್ಗ. ಎರಡು ಸ್ಪೀಕರ್ ಮತ್ತು ನನ್ನ ತಲೆ, ಮೂರೂ ಸಮ ದೂರದಲ್ಲಿರುವಂತೆ ದಾರ ಹಿಡಿದು ಅಳೆದು ಇಟ್ಟೆ. ಅಮ್ಮ ಬಾಗಿಲಲ್ಲಿ ನಿಂತು, "ಎಂತ, ಮನೆಗೆ ಪಾಯ ಹಾಕ್ತೀಯಾ?" ಎಂದರು. ಗೋಡೆಯಿಂದ ಒಂದು ಮೊಳ ಈಚೆಗೆ ಎಳೆದ ಮೇಲೆ ಬೇಸ್ ಬಿಗಿಯಾಯಿತು. ನನ್ನ ಹಳೆಯ ಮಿಕ್ಸ್‌ಗಳನ್ನೆಲ್ಲ ಹಾಕಿ ಕೇಳಿದೆ. ನಾಚಿಕೆಯಾಯಿತು, ಖುಷಿಯೂ ಆಯಿತು. ಎಸ್ತೆರ್ ಹತ್ತು ನಿಮಿಷ ಕೂತು, "ನನ್ನ ಉಸಿರು ಕೂಡ ಕೇಳ್ತದಲ್ಲ, ಹೆದರಿಕೆ ಆಗ್ತದೆ" ಎಂದು ಕೆಳಗೆ ಹೋದಳು.

ಜೂನ್ 22, ಶನಿವಾರ

ಮೊದಲ ಹಾಡಿನ ರೆಕಾರ್ಡಿಂಗ್. ಮಳೆ ಬಿಟ್ಟ ಹೊತ್ತು ನೋಡಿ ಮಾಡಿದ್ದು. ಎಸ್ತೆರ್ ಎರಡೇ ಬಾರಿಗೆ ಮುಗಿಸಿದಳು.

ಆದರೆ ಸ್ಪೀಕರಿನಲ್ಲಿ ದೋಷವಿದೆ. ಅವಳು ಸ್ವರ ಎಳೆದು ನಿಲ್ಲಿಸುವಲ್ಲೆಲ್ಲ ಒಂದು ಕರಕರ. ಅಕ್ಕಿಯಲ್ಲಿ ಮರಳು ಸಿಕ್ಕ ಹಾಗೆ. ನೂರ್ ಕೊಟ್ಟ ಡೆಮೋ ಪೀಸ್ ಅಲ್ಲವೇ, ಎಷ್ಟು ಜನ ಜೋರಾಗಿ ಹಾಕಿ ಹಾಳು ಮಾಡಿದ್ದಾರೋ. ಬೇರೆ ಹಾಡುಗಾರರ ಹಾಡು ಹಾಕಿದರೆ ಕರಕರ ಇಲ್ಲ. ಅದು ಆ ಹಾಡುಗಳು ಬೇರೆ ಶ್ರುತಿಯಲ್ಲಿರುವುದರಿಂದ ಇರಬೇಕು.

ಜೂನ್ 27, ಗುರುವಾರ

ಬದಲಿಸಿಕೊಂಡು ಬಂದೆ. ಇದು ಹೊಚ್ಚ ಹೊಸದು, ಗಾಳಿ ಹೋಗುವ ತೂತು ಮುಂದುಗಡೆಗೆ ಇರುವುದು. ನೂರ್ ಹಳೆಯ ಜೋಡಿಗೆ ಕಿವಿಗೊಟ್ಟು ಕೇಳಿ, "ಇದರಲ್ಲಿ ಎಂತದೂ ಇಲ್ಲ ಸೆಡ್ರಿಕಣ್ಣ" ಎಂದ. ಮಾರುವವನು ಇನ್ನೇನು ಹೇಳುತ್ತಾನೆ.

ಹೊಸದರಲ್ಲಿಯೂ ಮರಳಿದೆ. ಇನ್ನೂ ಸ್ಪಷ್ಟವಾಗಿದೆ.

ಜುಲೈ 6, ಶನಿವಾರ

ಮೈಕ್ ಬದಲಿಸಿದೆ, ಕೇಬಲ್ ಬದಲಿಸಿದೆ. ಗೋಡೆಯ ಪ್ರತಿಧ್ವನಿ ಇರಬಹುದೆಂದು ಮನೆಯಲ್ಲಿದ್ದ ರಗ್ಗುಗಳನ್ನೆಲ್ಲ ಸುತ್ತಲೂ ನೇತುಹಾಕಿದೆ. ಅಮ್ಮನಿಗೆ ಹೊದೆಯಲು ಉಳಿದದ್ದು ಒಂದು ಸೀರೆ. ಈಗ ರೂಮು ಸತ್ತವರ ಮನೆಯಷ್ಟು ಮೌನ. ಮರಳು ಹೋಗಲಿಲ್ಲ.

ಎಸ್ತೆರ್ ಬಿಸಿನೀರು ಕುಡಿಯುತ್ತ ಕುಳಿತಿದ್ದಳು. ಮೂರನೇ ಕ್ಲಾಸಿಗೆ ಪಾಠ ಮಾಡುವವರ ಗಂಟಲು ಜೂನ್ ತಿಂಗಳಲ್ಲಿ ಹೀಗೆಯೇ, ಶಾಲೆ ಶುರುವಾದಾಗ ಕೂಗಿ ಕೂಗಿ ಹಾಳಾಗುತ್ತದೆ. ಈ ಸಲ ಮಕ್ಕಳನ್ನು ಸುಮ್ಮನಿರಿಸಲು ಮೇಜಿಗೆ ಸ್ಕೇಲಿನಿಂದ ಬಡಿಯುತ್ತಾಳಂತೆ. ಬುದ್ಧಿವಂತಿಕೆ.

ಸಂಜೆಯ ಜಪಮಾಲೆಯ ಪ್ರಾರ್ಥನೆಯನ್ನು ಈಗ ಅಮ್ಮನೇ ಹೇಳಿಸುತ್ತಿದ್ದಾರೆ. ಮದುವೆಯಾಗಿ ಬಂದಾಗಿನಿಂದ ಅದು ಎಸ್ತೆರಳ ಕೆಲಸ. ಅಮ್ಮ ಎಳೆದೆಳೆದು ಹೇಳುವುದರಿಂದ ಊಟಕ್ಕೆ ತಡವಾಗುತ್ತಿದೆ.

ಜುಲೈ 20, ಶನಿವಾರ

ಗೆದ್ದೆ. ಮರಳು ಎಲ್ಲಿ ಕೂತಿದೆ ಎಂದು ಹುಡುಕಿ, ಆ ಜಾಗವನ್ನು ಮಾತ್ರ ಸೂಜಿಯಲ್ಲಿ ಮುಳ್ಳು ತೆಗೆದಂತೆ ತೆಗೆದೆ. ಅಷ್ಟರಿಂದ ಆಗದ ಕಡೆ ಕಳೆದ ಕ್ರಿಸ್ಮಸಿನ ರೆಕಾರ್ಡಿಂಗ್ ತೆರೆದು ಅದರಿಂದ ಒಂದೊಂದು ಅಕ್ಷರ ಕತ್ತರಿಸಿ ಕೂಡಿಸಿದೆ. ಹಾಡು ಬೇರೆ, ಅಕ್ಷರ ಅದೇ, ಸ್ವರ ಅವಳದೇ. ಒಂದು ಸಾಲಿಗೆ ಇಡೀ ಮಧ್ಯಾಹ್ನ ಹಿಡಿಯಿತು. ಹೊಲಿಗೆ ಎಲ್ಲಿದೆ ಎಂದು ನನಗೇ ಕಾಣುವುದಿಲ್ಲ.

ಒಳ್ಳೆಯ ಮಾನಿಟರ್ ಇಲ್ಲದಿದ್ದರೆ ಇಷ್ಟು ಸೂಕ್ಷ್ಮದ ಕೆಲಸ ಆಗುತ್ತಲೇ ಇರಲಿಲ್ಲ. ಸ್ಪೀಕರನ್ನು ಸುಮ್ಮನೆ ಅನುಮಾನಿಸಿದೆ. ಈ ಜೋಡಿಯನ್ನೇ ಇಟ್ಟುಕೊಳ್ಳುವುದು.

ಜುಲೈ 28, ಭಾನುವಾರ

ಜೂಲಿ ಊಟಕ್ಕೆ ಬಂದಿದ್ದಳು. ಎಸ್ತೆರಳ ತಂಗಿ, ಅತ್ತಾವರದ ಆಸ್ಪತ್ರೆಯಲ್ಲಿ ನರ್ಸ್. ಬಂದವಳು ಚಪ್ಪಲಿ ಬಿಡುವ ಮೊದಲೇ, "ಅಕ್ಕಾ, ಇದೆಂತ ಸ್ವರ?" ಎಂದು ಕೇಳಿದಳು.

"ಶೀತ" ಎಂದೆ.

ಊಟಕ್ಕೆ ಕೂತ ಮೇಲೆ ಮತ್ತೆ, "ಎಷ್ಟು ಸಮಯದಿಂದ?" ಎಂದಳು.

ಎಸ್ತೆರ್ ನನ್ನ ಮುಖ ನೋಡಿದಳು. ನಾನು ಸಾರು ಬಡಿಸಿಕೊಂಡೆ.

"ಬಾವ, ಮೂರು ವಾರ ದಾಟಿದರೆ ಅದು ಶೀತ ಅಲ್ಲ. ಕ್ಯಾಮೆರಾ ಹಾಕಿ ನೋಡ್ಬೇಕು. ಗುರುವಾರ ಒಳ್ಳೆಯ ಡಾಕ್ಟರ್ ಇರ್ತಾರೆ. ನಾನು ಅಪಾಯಿಂಟ್‌ಮೆಂಟ್ ಮಾಡಿಸ್ತೇನೆ."

ನರ್ಸುಗಳಿಗೆ ಸೀನಿದರೂ ಸ್ಕ್ಯಾನ್ ಆಗಬೇಕು. ಆದರೆ ಪಾತ್ರೆ ತೊಳೆಯುವಾಗ ಎಸ್ತೆರ್ ನೀರಿನ ಕಡೆಗೇ ನೋಡುತ್ತ, "ನನಗೆ ಹೆದರಿಕೆ ಆಗ್ತದೆ ಸೆಡ್ಡಿ" ಎಂದಳು. ನನಗೂ ಆಯಿತು. ಹಬ್ಬಕ್ಕೆ ಮೊದಲು ಗಂಟಲಿಗೆ ಏನೇನೋ ತುರುಕಿ, ತಿಂಗಳು ಹಾಡಬಾರದು ಎಂದುಬಿಟ್ಟರೆ ಉಳಿದ ನಾಲ್ಕು ಹಾಡುಗಳ ಗತಿ ಏನು? ಬೇರೆ ಹೆದರಿಕೆ ಏನೂ ಇಲ್ಲ.

ಆಗಸ್ಟ್ 1, ಗುರುವಾರ

ಆಸ್ಪತ್ರೆಗೆ ಹೋಗಲಿಲ್ಲ. ಹೋಗುವುದಿಲ್ಲವೆಂದು ಎಸ್ತೆರಳೇ ನಿರ್ಧಾರ ಮಾಡಿದ್ದು, ಇದನ್ನು ಬರೆದಿಡುತ್ತೇನೆ.

ಇಬ್ಬರೂ ರಜೆ ಹಾಕಿದ್ದೆವು. ಸೀರೆ ಉಟ್ಟು ರೆಡಿಯಾದವಳು ಮೇಲೆ ಬಂದು ನನ್ನ ಕುರ್ಚಿಯಲ್ಲಿ, ಎರಡು ಸ್ಪೀಕರುಗಳ ನಡುವೆ, ಕುಳಿತಳು. "ಹೋಗುವ ಮೊದಲು ಒಮ್ಮೆ ಕೇಳ್ತೇನೆ. ಇಷ್ಟು ದಿನ ನೀನು ಕೇಳಿಸಲೇ ಇಲ್ಲ" ಎಂದಳು.

ಮುಗಿದಿದ್ದ ಹಾಡು ಹಾಕಿದೆ. ಅವಳು ಕಣ್ಣು ಮುಚ್ಚಿಕೊಂಡಳು. ಎಳೆದು ನಿಲ್ಲಿಸುವ ಜಾಗ ಬಂದಾಗ ಕೈ ಗಂಟಲಿಗೆ ಹೋಯಿತು. ಸ್ವರ ಹಾಲಿನಂತೆ ಹರಿದುಹೋಯಿತು. ಹಾಡು ಮುಗಿದಾಗ ಅವಳು ಅಳುತ್ತಿದ್ದಳು.

"ನನ್ನ ಸ್ವರ ಸರಿ ಉಂಟಲ್ಲ?"

"ಉಂಟು."

"ನಮಗೆ ನಮ್ಮ ಸ್ವರ ಒಳಗಿನಿಂದ ಬೇರೆ ಕೇಳ್ತದೆ ಅಂತ ನೀನೇ ಹೇಳಿದ್ದೆಯಲ್ಲ. ಹಾಗಾದರೆ ನನಗೆ ಮಾತ್ರ ಹೀಗೆ ಕೇಳುವುದಾ?"

"ಹಾಗೆಯೇ ಇರಬೇಕು."

"ಜೂಲಿಗೂ ಬೇರೆ ಕೇಳಿತಲ್ಲ?"

"ಅವಳು ಬಂದ ದಿನ ನಿನಗೆ ಶೀತ ಇತ್ತು." ಮತ್ತೆ ಸ್ಪೀಕರಿನ ಮೇಲೆ ಕೈಯಿಟ್ಟು, "ಇದು ಮಾನಿಟರ್ ಎಸ್ತೆರ್. ಇದ್ದದ್ದು ಇದ್ದ ಹಾಗೆ ಕೇಳ್ತದೆ" ಎಂದೆ.

ಅವಳು ಜೂಲಿಗೆ ಫೋನ್ ಮಾಡಿ, ಸ್ವರ ಸರಿಯಿದೆ, ಈಗಷ್ಟೇ ಕೇಳಿದೆ, ಹಬ್ಬ ಕಳೆದ ಮೇಲೆ ನೋಡುವ ಎಂದಳು. ಸೀರೆ ಬದಲಿಸದೆ ಅಡುಗೆಮನೆಗೆ ಹೋಗಿ ಸೇಮಿಗೆ ಪಾಯಸ ಮಾಡಿದಳು. ಬಹಳ ದಿನಗಳ ನಂತರ ಮನೆಯಲ್ಲಿ ನಗು ಕೇಳಿತು. ನಾನು ಸುಳ್ಳು ಹೇಳಲಿಲ್ಲ. ಮಾನಿಟರ್ ಬಗ್ಗೆ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಆಗಸ್ಟ್ 11, ಭಾನುವಾರ

ಐದನೆಯ ಹಾಡು. ಈಗ ಉಸಿರು ಎಳೆದುಕೊಳ್ಳುವಾಗ ಒಂದು ಸಣ್ಣ ಸೀಟಿ. ಕಿಟಕಿಯ ಸಂದಿಯಲ್ಲಿ ಗಾಳಿ ಬಂದ ಹಾಗೆ. ಕಿಟಕಿಗೆ ಟೇಪ್ ಅಂಟಿಸಿದೆ. ಸೀಟಿ ಕಿಟಕಿಯದಲ್ಲ. ಎರಡು ಸಾಲಿನ ನಡುವಿನ ಉಸಿರುಗಳನ್ನೆಲ್ಲ ಅಳಿಸಿದೆ. ಕೇಳಲು ಇನ್ನೂ ಶುದ್ಧವಾಗಿದೆ.

ಎಸ್ತೆರ್ ಮೀನು ಬಿಟ್ಟಿದ್ದಾಳೆ, ಗಂಜಿ ಸಾಕು ಎನ್ನುತ್ತಾಳೆ. ಬಂಗುಡೆಯ ಮುಳ್ಳು ಗಂಟಲಲ್ಲಿ ನಿಂತಿರಬಹುದು, ಬಲಗಿವಿಯವರೆಗೆ ಚುಚ್ಚುತ್ತದಂತೆ. ಬಾಳೆಹಣ್ಣು ನುಂಗಲು ಹೇಳಿದೆ. ನುಂಗಲು ಆಗಲಿಲ್ಲ.

ಆಗಸ್ಟ್ 17, ಶನಿವಾರ

ತೊಕ್ಕೊಟ್ಟು. ಈ ಸ್ಪೀಕರ್ ಜೋಡಿ ಕೂಡ ಬೇಡವೆನಿಸಿತು. ಕೂತು ಕೇಳುತ್ತಿದ್ದರೆ ತಲೆ ನೋಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಬಹಳ ಹರಿತ.

"ಇನ್ನು ಸ್ವಲ್ಪ ಮೆದು ಕೇಳುವಂಥದ್ದು ಉಂಟಾ ನೂರ್?"

"ಮೆದು ಅಂದರೆ?"

"ಎಲ್ಲ ಇಷ್ಟು ಎದ್ದು ಕೇಳಬಾರದು."

ನೂರ್ ಲೆಕ್ಕಾಚಾರ ಮಾಡುವವನಂತೆ ನನ್ನನ್ನೇ ನೋಡಿದ. "ಅದಕ್ಕೆ ಮಾನಿಟರ್ ಯಾಕೆ ಸೆಡ್ರಿಕಣ್ಣ? ನಿಮ್ಮ ಹಳೇ ಕಂಪ್ಯೂಟರ್ ಸ್ಪೀಕರ್ ಬಿಸಾಡಿದಿರಾ?"

ಬಿಸಾಡಿರಲಿಲ್ಲ. ಬಂದು ಅದನ್ನೇ ಜೋಡಿಸಿದೆ. ಮಾನಿಟರುಗಳ ಮೇಲೆ ಬೆಡ್‌ಶೀಟ್ ಹೊದಿಸಿದ್ದೇನೆ, ಧೂಳು ಕೂರಬಾರದಲ್ಲ. ಹಳೆಯ ಸ್ಪೀಕರಿನಲ್ಲಿ ಐದನೆಯ ಹಾಡು ಬಹಳ ಚೆನ್ನಾಗಿದೆ. ಕೊನೆಗೂ ಜನ ಕೇಳುವುದು ಇಂಥದ್ದರಲ್ಲಿಯೇ ಅಲ್ಲವೇ.

ಆಗಸ್ಟ್ 25, ಭಾನುವಾರ

ಕೊನೆಯ ಎರಡು ಹಾಡುಗಳನ್ನು ಎಸ್ತೆರ್ ಹಾಡಲಿಲ್ಲ. ಬಾಯಿ ತೆರೆದಳು, ಗಾಳಿ ಬಂತು. ಪರವಾಗಿಲ್ಲ, ಕ್ರಿಸ್ಮಸಿನ ಫೈಲುಗಳಲ್ಲಿ ಬೇಕಾದ ಅಕ್ಷರಗಳೆಲ್ಲ ಇವೆ. ಕೂಡಿಸಿದೆ. ಅವಳಿಗೆ ಅದನ್ನು ಹೇಳಲಿಲ್ಲ. ಹಾಡದೆಯೇ ಹಾಡಿದ್ದನ್ನು ಕೇಳಿ, "ಇದು ಯಾವಾಗ ಹಾಡಿದ್ದು?" ಎಂದು ಪಿಸುದನಿಯಲ್ಲಿ ಕೇಳಿದಳು. "ಜುಲೈಯಲ್ಲಿ, ನಿನಗೆ ನೆನಪಿಲ್ಲ" ಎಂದೆ.

ಸೆಪ್ಟೆಂಬರ್ 8, ಭಾನುವಾರ

ಮೋಂತಿ ಫೆಸ್ತ್.

ಮಕ್ಕಳು ಮಾತೆಯ ಮುಂದೆ ಹೂ ಅರ್ಪಿಸುವಾಗ ನಮ್ಮ ಹಾಡು ಹಾಕಿದರು. ಇಗರ್ಜಿಯ ಅಂಗಳದ ತುಂಬ ಎಸ್ತೆರಳ ಸ್ವರ. ಬಾಸಿಲ್ ಅಂಕಲ್ ಎಲ್ಲರೆದುರು ನನ್ನನ್ನು ಅಪ್ಪಿಕೊಂಡು, "ಈ ಸಲ ಸ್ವರ ಸಿಕ್ಕಿತು ಮಾರಾಯ" ಎಂದರು. ಜನ ಸಾಲಾಗಿ ಬಂದು ಎಸ್ತೆರಳ ಕೈ ಹಿಡಿದರು. ಅವಳು ಕುತ್ತಿಗೆಗೆ ಶಾಲು ಸುತ್ತಿಕೊಂಡು ತಲೆಯಾಡಿಸುತ್ತಿದ್ದಳು. ಒಂದು ಸಾಲು ಹಾಡು ಎಂದು ಯಾರೋ ಒತ್ತಾಯಿಸಿದಾಗ ನಾನೇ ಅಡ್ಡ ಬಂದೆ.

ಪೂಜೆಯಲ್ಲಿ ಮಂತ್ರಿಸಿ ಕೊಟ್ಟ ಭತ್ತದ ತೆನೆಯ ಕಾಳುಗಳನ್ನು ಅಮ್ಮ ಸುಲಿದು, ಕುಟ್ಟಿ, ತೆಂಗಿನಹಾಲಿಗೆ ಬೆರೆಸಿದರು. ಹೊಸ ಅಕ್ಕಿಯನ್ನು ಮನೆಯ ಎಲ್ಲರೂ ಬಾಯಿಗೆ ಹಾಕಿದ ಮೇಲೆಯೇ ಊಟ. ಒಬ್ಬರಿಗೂ ತಪ್ಪಬಾರದು. ಹಾಸಿಗೆ ಹಿಡಿದ ಅಪ್ಪನಿಗೆ ಕೂಡ ಕೊನೆಯ ವರ್ಷ ತುಟಿಗೆ ಸವರಿದ್ದೆವು. ಎಸ್ತೆರ್ ಒಂದು ಚಮಚ ತೆಗೆದುಕೊಂಡಳು. ಅದು ಇಳಿಯಲಿಲ್ಲ. ಕೆಮ್ಮು ಬಂತು, ತೆಂಗಿನಹಾಲು ಮೂಗಿನಿಂದ ಬಂತು, ಕರ್ಚೀಫಿನಲ್ಲಿ ಕೆಂಪು ಕಂಡಿತು. ಹಬ್ಬಕ್ಕೆ ಬಂದಿದ್ದ ಜೂಲಿ ಎದ್ದು ಹೋಗಿ ಅಕ್ಕನ ಕುತ್ತಿಗೆಯಿಂದ ಶಾಲು ತೆಗೆದು ಎರಡು ಬೆರಳಿನಿಂದ ಮುಟ್ಟಿ ನೋಡಿದಳು. ಯಾರೂ ಊಟ ಮಾಡಲಿಲ್ಲ.

ಸೆಪ್ಟೆಂಬರ್ 11, ಬುಧವಾರ

ಅತ್ತಾವರ. ಕ್ಯಾಮೆರಾ ಹಾಕಿದರು. ಸ್ವರತಂತುವಿನ ಮೇಲೆ ಗಡ್ಡೆ ಬೆಳೆದಿದೆ. ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಅವಳನ್ನು ಅಡ್ಮಿಟ್ ಮಾಡಿದೆವು.

ಡಾಕ್ಟರ್ ಒಳ್ಳೆಯ ಮನುಷ್ಯ, ನಿಧಾನವಾಗಿ ಮಾತಾಡುತ್ತಾರೆ. "ಸ್ವರ ಯಾವಾಗಿನಿಂದ ಹೀಗೆ?" ಎಂದು ಕೇಳಿದರು.

ಎಸ್ತೆರ್ ಪಿಸುಗುಟ್ಟಿದಳು. "ಆಗಸ್ಟಿನಲ್ಲಿ ಸರಿ ಇತ್ತು ಡಾಕ್ಟ್ರೇ. ನಾನೇ ಕೇಳಿದ್ದೇನೆ. ದೊಡ್ಡ ಸ್ಪೀಕರಿನಲ್ಲಿ." ಮೊಬೈಲ್ ತೆಗೆದು ಆಲ್ಬಮ್ ಹಾಕಿದಳು. ಡಾಕ್ಟರ್ ಪೆನ್ನು ಕೆಳಗಿಟ್ಟು ಇಡೀ ಹಾಡು ಕೇಳಿದರು.

"ಇದು ಈ ಜುಲೈ, ಆಗಸ್ಟಿನ ರೆಕಾರ್ಡಿಂಗಾ?"

ಅವಳು ಹೌದೆಂದು ತಲೆಯಾಡಿಸಿದಳು. ಜೂಲಿ ನನ್ನನ್ನೇ ನೋಡುತ್ತಿದ್ದಳು.

"ಹಾಗಾದರೆ ಇದು ಬಹಳ ಬೇಗ ಬೆಳೆದಿದೆ. ಚಿಕಿತ್ಸೆಯ ಬಗ್ಗೆ ನಾವು ಯೋಚನೆ ಮಾಡುವ ರೀತಿಯೇ ಬೇರೆ ಆಗ್ತದೆ" ಎಂದು ಅವರು ಬರೆದುಕೊಂಡರು. ಮತ್ತೆ ನನ್ನ ಕಡೆಗೆ ತಿರುಗಿ, "ನಿಮ್ಮ ಹತ್ತಿರ ಇನ್ನೂ ಹಳೆಯ ರೆಕಾರ್ಡಿಂಗ್ ಉಂಟಾ? ಏನೂ ತಿದ್ದದೆ ಇರುವಂಥದ್ದು? ಬದಲಾವಣೆ ಎಲ್ಲಿಂದ ಶುರು ಅಂತ ಗೊತ್ತಾದರೆ ಒಳ್ಳೆಯದು. ಶುಕ್ರವಾರ ತನ್ನಿ, ಒಟ್ಟಿಗೆ ಕೂತು ಕೇಳುವ" ಎಂದರು.

"ಸ್ವರ ಉಳೀತದಾ ಡಾಕ್ಟ್ರೇ?" ಎಂದಳು ಎಸ್ತೆರ್.

"ನೋಡುವ. ಮೊದಲು ನೀವು ಉಳೀಬೇಕು."

ಹೊರಗೆ ಬಂದಾಗ ಅವಳು ನನ್ನ ಕೈ ಹಿಡಿದು, "ನಿನ್ನ ಹತ್ತಿರ ಎಲ್ಲ ಉಂಟಲ್ಲ, ಪುಣ್ಯ" ಎಂದಳು.

ಸೆಪ್ಟೆಂಬರ್ 12, ಗುರುವಾರ

ಜೂಲಿ ಅವಳ ಜೊತೆಗಿದ್ದಾಳೆ. ನಾನು ಮನೆಗೆ ಬಂದು ಬೆಡ್‌ಶೀಟ್ ತೆಗೆದು ಮಾನಿಟರುಗಳನ್ನು ಜೋಡಿಸಿದೆ. ಜೂನ್ 22ರ ಫೈಲ್ ತೆರೆದೆ, ಕೈ ಹಾಕದ ಮೂಲ ಫೈಲ್.

ನಾನು ನೆನಪಿಟ್ಟುಕೊಂಡದ್ದಕ್ಕಿಂತ ಕೆಟ್ಟದಾಗಿದೆ. ಅವತ್ತು ಮರಳೆಂದು ಬರೆದಿದ್ದೆ. ಎರಡು ಬಾರಿ ನಿಲ್ಲಿಸಿದೆ. ಕೆಳಗಿನಿಂದ ಅಮ್ಮ, "ಅದು ಯಾರು ಮಗಾ ಹಾಡುವುದು?" ಎಂದು ಕೇಳಿದರು.

"ಎಸ್ತೆರ್."

"ಅಲ್ಲ. ಅವಳು ಹಾಗೆ ಹಾಡುವುದಿಲ್ಲ."

ನಾಳೆ ಡಾಕ್ಟರ ರೂಮಿನಲ್ಲಿ ಎಸ್ತೆರ್ ನನ್ನ ಪಕ್ಕದಲ್ಲೇ ಕೂತಿರುತ್ತಾಳೆ. ಅವಳಿಗೂ ಕೇಳುತ್ತದೆ. ಜೂನಿನಲ್ಲಿ ಹೀಗಿದ್ದದ್ದು ಆಗಸ್ಟ್ ಒಂದಕ್ಕೆ ಹಾಲಿನಂತೆ ಆದದ್ದು ಹೇಗೆ ಎಂದು ಕೇಳುತ್ತಾಳೆ. ಕೇಳದಿದ್ದರೆ ಇನ್ನೂ ಕಷ್ಟ. ನನಗೆ ಹೆದರಿಕೆಯಾಗುತ್ತಿದೆ. ಈ ಸ್ಥಿತಿಯಲ್ಲಿ ಅವಳ ಮನಸ್ಸಿಗೆ ಅಷ್ಟು ದೊಡ್ಡ ಪೆಟ್ಟು ಬೀಳಬಾರದು.

ಡಾಕ್ಟರಿಗೆ ಬೇಕಾದದ್ದು ಬದಲಾವಣೆ ಎಲ್ಲಿಂದ ಶುರು ಎಂದು ಮಾತ್ರ. ಅಷ್ಟು ಅನುಭವ ಇರುವವರಿಗೆ ಸ್ವಲ್ಪ ಇದ್ದರೂ ಗೊತ್ತಾಗುತ್ತದೆ. ಹಾಗಾಗಿ ಎಲ್ಲವನ್ನೂ ಹಾಗೆಯೇ ಬಿಟ್ಟು, ಎಳೆದು ನಿಲ್ಲಿಸುವ ಜಾಗಗಳಲ್ಲಿ ಮಾತ್ರ ಒಂದಿಷ್ಟು ಒರೆಸಿದೆ. ಉಸಿರಿನ ಕಡೆಯೂ ಸ್ವಲ್ಪ. ಮಾನಿಟರಿನಲ್ಲಿ ಮತ್ತೊಮ್ಮೆ ಹಾಕಿ ಕೇಳಿದೆ. ಈಗ ಪರವಾಗಿಲ್ಲ. ಪೆನ್‌ಡ್ರೈವನ್ನು ನಾಳೆ ಹಾಕುವ ಅಂಗಿಯ ಜೇಬಿನಲ್ಲಿ ಇಟ್ಟಿದ್ದೇನೆ.